ಮತದಾರರ ಪಟ್ಟಿಯೂ ಸತ್ಯಾಣುವ್ರತವೂ

ಅಸತ್ಯವೆಂದರೆ ನಾಲಿಗೆಯಿಂದ ಹೊರಡುವ ಸುಳ್ಳು ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಕೂಟಲೇಖಕ್ರಿಯೆ, ನ್ಯಾಸಾಪಹಾರ ಎಂಬ ಎರಡನ್ನೂ ಸೇರಿಸಿದೆ. ಒಬ್ಬನು ಹೇಳದುದನ್ನು ಅವನೇ ಹೇಳಿದನೆಂದು ವಂಚನೆಗಾಗಿ ಬರೆಯುವುದು ಮೊದಲನೆಯದು. ಇಟ್ಟವನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ಮೌನವಾಗಿ ಅಷ್ಟನ್ನೇ ಹಿಂದಿರುಗಿಸುವುದು ಎರಡನೆಯದು. ಗೃಹಸ್ಥನ ವ್ಯಾಪಾರವನ್ನು ಕುರಿತು ಹೇಳಿದ ಈ ಎರಡು ಮಾತುಗಳು ಇಂದಿನ ಮತದಾರರ ಪಟ್ಟಿಗೂ ಹೊಂದುತ್ತವೆ.

ಕಲಬುರಗಿ ಜಿಲ್ಲೆಯ ಆಳಂದದಲ್ಲಿ ನಡೆದುದೇ ಇದಕ್ಕೆ ನಿದರ್ಶನ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಆ ಕ್ಷೇತ್ರದ ಪಟ್ಟಿಯಿಂದ ಹೆಸರುಗಳನ್ನು ತೆಗೆಯಬೇಕೆಂದು ನಮೂನೆ 7ರಲ್ಲಿ 6,018 ಅರ್ಜಿಗಳು ಅಂತರ್ಜಾಲದ ಮೂಲಕ ಬಂದವು. ಸಂಖ್ಯೆಯನ್ನು ಕಂಡು ಶಂಕಿಸಿದ ಅಧಿಕಾರಿಗಳು ಒಂದೊಂದನ್ನೂ ಸ್ಥಳದಲ್ಲಿ ಪರಿಶೀಲಿಸಿದಾಗ ಸರಿಯಾಗಿ ಕಂಡುಬಂದವು ಕೇವಲ 24. ಉಳಿದ 5,994 ಅರ್ಜಿಗಳು ತಿರಸ್ಕೃತವಾದವು. ಆ ಹೆಸರುಗಳು ಉಳಿದವು. 2023ರ ಫೆಬ್ರುವರಿಯಲ್ಲಿ ಆಳಂದ ಪೊಲೀಸ್ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. ತಪ್ಪಿತಸ್ಥರು ಯಾರೆಂಬುದನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಆದರೆ ಪರರ ಹೆಸರಿನಲ್ಲಿ ಅವರಿಗೇ ತಿಳಿಯದಂತೆ ಅರ್ಜಿ ಬರೆಯುವ ಕೃತ್ಯಕ್ಕೆ ಕೂಟಲೇಖಕ್ರಿಯೆಗಿಂತ ತಕ್ಕ ಹೆಸರು ಬೇರೆ ದೊರೆಯದು.

ಇಲ್ಲಿ ವಿಚಾರಾರ್ಹವಾದ ಅಂಶವೊಂದಿದೆ. ಗಣಕಯಂತ್ರವು ಅರ್ಜಿಯ ನಮೂನೆ ತುಂಬಿದೆಯೆಂಬುದನ್ನು ಬಲ್ಲದು. ಮನೆಯಲ್ಲಿ ಮನುಷ್ಯನಿದ್ದಾನೆಯೇ ಎಂಬುದನ್ನು ಅರಿಯದು. ಅದಕ್ಕೆ ಯಾರಾದರೂ ಬಾಗಿಲು ತಟ್ಟಬೇಕು. ಕಲಬುರಗಿ ನಗರದ ರೋಜಾದಂತಹ ಹಳೆಯ ಬಡಾವಣೆಯಲ್ಲಿ ಉರ್ದು, ಕನ್ನಡ, ಮರಾಠಿ ಮಾತಿನ ಮನೆತನಗಳ ಹೆಸರುಗಳು ಒಂದೇ ಲಿಪಿಗೆ ಇಳಿಯುವಾಗ, ಒಂದೇ ಹೆಸರು ದಾಖಲೆಯಿಂದ ದಾಖಲೆಗೆ ಬೇರೆಯಾಗಿ ಕಾಣುವುದು ಸಹಜ. ಇಬ್ಬರು ಒಬ್ಬರಂತೆ ಕಾಣುವುದೂ ಸಹಜ. ಅಲ್ಲಿ ವಿಚಾರಿಸದೆ ಗೆರೆ ಎಳೆಯುವುದು ಪ್ರಮಾದ. ಪ್ರಮಾದವೇ ಹಿಂಸೆಯ ಮೂಲವೆಂದು ಶಾಸ್ತ್ರ ಸಾರಿದೆ.

ಹಾಗಾದರೆ ಪಟ್ಟಿಯನ್ನು ಶುದ್ಧಗೊಳಿಸುವುದೇ ಬೇಡವೇ? ಬೇಕು. ಮೃತರ ಹೆಸರು, ಎರಡು ಕಡೆಯ ಹೆಸರು ಉಳಿದರೆ ಪ್ರಾಮಾಣಿಕನ ಮತದ ತೂಕ ಕುಗ್ಗುತ್ತದೆ. ಅದು ಸುಳ್ಳು ತಕ್ಕಡಿಗೆ ಸಮಾನ. ಆದರೆ ಎರಡು ತಪ್ಪುಗಳ ಭಾರ ಒಂದೇ ಅಲ್ಲ. ಉಳಿದ ಸುಳ್ಳು ಹೆಸರಿನಿಂದ ಎಲ್ಲರಿಗೂ ಸ್ವಲ್ಪ ನಷ್ಟ; ಅಳಿದ ನಿಜದ ಹೆಸರಿನಿಂದ ಒಬ್ಬನಿಗೆ ಸರ್ವನಷ್ಟ. ಮೊದಲ ಮಹಾಚುನಾವಣೆಯ ಪಟ್ಟಿ ಸಿದ್ಧವಾಗುವಾಗ, ಸ್ವಂತ ಹೆಸರು ಹೇಳದೆ ಇಂಥವರ ಪತ್ನಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದ ಸುಮಾರು 28 ಲಕ್ಷ ಸ್ತ್ರೀಯರು ಪಟ್ಟಿಯಿಂದ ಹೊರಗುಳಿದರು. ನಿಯಮಕ್ಕೆ ಕಾರಣವಿತ್ತು, ಆದರೂ ಅವರು ಇಲ್ಲದವರೇನೂ ಆಗಿರಲಿಲ್ಲ. ಆದುದರಿಂದಲೇ ಇರುವ ಹೆಸರನ್ನು ಅಳಿಸುವ ಮುನ್ನ ಆ ವ್ಯಕ್ತಿಗೆ ಕಾರಣ ತಿಳಿಸಿ ಅಹವಾಲು ಕೇಳಬೇಕೆಂದು 1995ರಲ್ಲಿ ಸರ್ವೋಚ್ಚ ನ್ಯಾಯಾಲಯ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ವಿಧಿಸಿತು. ಆರೋಪಿಸುವವನ ಮಾತಿನೊಡನೆ ಆರೋಪಿತನ ಮಾತನ್ನೂ ಕೇಳುವ ಈ ಕ್ರಮ ಅನೇಕಾಂತ ದೃಷ್ಟಿಗೆ ಅಪರಿಚಿತವಲ್ಲ.

ಶ್ರಾವಕನ ಹೊಣೆಯೂ ಇಲ್ಲಿ ಕಡಿಮೆಯದಲ್ಲ. ವ್ಯಾಪಾರಕ್ಕಾಗಿ ನಗರಕ್ಕೆ ಬಂದು ನೆಲೆಸಿದ ಎಷ್ಟೋ ಕುಟುಂಬಗಳ ಹೆಸರು ಊರಿನಲ್ಲಿಯೂ ನಗರದಲ್ಲಿಯೂ ಇರುವುದುಂಟು. 1950ರ ಪ್ರಜಾಪ್ರತಿನಿಧಿತ್ವ ಕಾಯಿದೆ ಇದನ್ನು ಒಪ್ಪುವುದಿಲ್ಲ. ತಿಳಿದು ಮಾಡಿದ ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಸೆರೆವಾಸವನ್ನೂ ಹೇಳಿದೆ. ಎರಡು ಬಾರಿ ಮತ ಹಾಕದಿದ್ದರೆ ದೋಷವೇನೆಂದು ಕೆಲವರು ಕೇಳಬಹುದು. ಕಚೇರಿ ಮರೆತಿದೆಯೆಂದು ತಾನು ಮೌನವಾಗಿರುವುದು ನ್ಯಾಸಾಪಹಾರದ ನೆರಳೇ ಸರಿ. ನೆಲೆ ಬದಲಾದಾಗ ನಮೂನೆ 8, ಹಿರಿಯರು ತೀರಿಕೊಂಡಾಗ ನಮೂನೆ 7 ಸಲ್ಲಿಸುವುದು ಸಣ್ಣ ಕೆಲಸ. ಹೆಸರು ಇದೆಯೇ ಎಂದು ಚುನಾವಣೆಗೆ ಮುಂಚೆಯೇ ನೋಡಿಕೊಳ್ಳುವುದೂ ಅಷ್ಟೇ ಸುಲಭ.

ಬಸದಿಗಳ ವಿಶ್ವಸ್ಥ ಮಂಡಲಿಗಳಿಗೂ ಈ ವಿವೇಕ ಸಲ್ಲುತ್ತದೆ. ತಮ್ಮ ಸದಸ್ಯರ ಪಟ್ಟಿಯಿಂದ ಒಂದು ಹೆಸರನ್ನು ತೆಗೆಯುವ ಮುನ್ನ ಆ ಮನೆಗೆ ಒಬ್ಬರನ್ನು ಕಳುಹಿಸಿದರೆ, ವ್ರತವು ಪುಸ್ತಕದಿಂದ ಬೀದಿಗೆ ಇಳಿದಂತಾಗುತ್ತದೆ. ಪಟ್ಟಿಯಲ್ಲಿರುವ ಪ್ರತಿ ಹೆಸರೂ ಒಬ್ಬ ಜೀವಿಯು ಸಮಾಜದ ಕೈಯಲ್ಲಿಟ್ಟ ನ್ಯಾಸ. ಅದನ್ನು ಕೂಡಿಸದೆ, ಕಳೆಯದೆ ಕಾಯುವುದು ಧರ್ಮ.