ದಡ ಯಾರದು?

ನದಿ ಯಾರದು ಎಂದರೆ ಎಲ್ಲರದು ಎಂದು ತಟ್ಟನೆ ಹೇಳುತ್ತೇವೆ. ದಡ ಯಾರದು ಎಂದರೆ ತಡವರಿಸುತ್ತೇವೆ. ಆದರೆ ದಡಕ್ಕೆ ಇಳಿಯಲಾಗದವನಿಗೆ ನದಿ ಎಲ್ಲರದಾಗಿದ್ದು ಏನು ಬಂತು?

ತೊಡಕು ಹಳೆಯದು. ಆರನೆಯ ಶತಮಾನದ ಜಸ್ಟಿನಿಯನ್ ಚಕ್ರವರ್ತಿಯ ಕಾನೂನು ಪಠ್ಯ ಒಂದು ಜಾಣ ಉತ್ತರ ಕೊಟ್ಟಿತ್ತು: ದಡದ ಒಡೆತನ ಪಕ್ಕದ ಜಮೀನಿನವನದು, ಬಳಕೆ ಎಲ್ಲರದು. ಯಾರು ಬೇಕಾದರೂ ದೋಣಿ ಕಟ್ಟಬಹುದು, ಸರಕು ಇಳಿಸಬಹುದು. ಬಿಯಾಸ್ ನದಿ ದಡದ ಹೋಟೆಲೊಂದರ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 1996ರಲ್ಲಿ ಇದೇ ಪರಂಪರೆಯನ್ನು ನೆನೆಯಿತು. ಇಂಥ ಸಂಪತ್ತಿಗೆ ಸರ್ಕಾರ ಒಡೆಯನಲ್ಲ, ಧರ್ಮದರ್ಶಿ ಎಂದಿತು.

ಧರ್ಮದರ್ಶಿ ಕಾಯುವುದು ಯಾರಿಗಾಗಿ? ಕಾವೇರಿಯ ಭೀಮೇಶ್ವರಿ, ಗಾಳಿಬೋರೆಗಳನ್ನು ನೋಡಿ. ಅಲ್ಲಿನ ಶಿಬಿರಗಳಲ್ಲಿ ಗುಡಾರವಿತ್ತು, ಹರಿಗೋಲಿತ್ತು, ಮಹಶೀರ್ ಮೀನಿಗೆ ಗಾಳ ಹಾಕಿ ಮತ್ತೆ ನೀರಿಗೆ ಬಿಡುವ ಆಟವಿತ್ತು. ಹೊಟ್ಟೆಗಾಗಿ ಹಿಡಿದರೆ ಅಪರಾಧ, ಮೋಜಿಗೆ ಹಿಡಿದರೆ ಹವ್ಯಾಸ ಎಂಬುದು ನನಗೆ ಸರಿಕಾಣದು. ಆದರೂ ಒಂದು ಮಾತು ಒಪ್ಪಬೇಕು. ಗಾಳದವರು ಬರೆದಿಟ್ಟ ಲೆಕ್ಕದಿಂದಲೇ ಕೇಸರಿ ರೆಕ್ಕೆಯ, ಗೂನುಬೆನ್ನಿನ ಮಹಶೀರ್ ಕ್ಷೀಣಿಸುತ್ತಿರುವುದು ಸಂಶೋಧಕರಿಗೆ ತಿಳಿಯಿತು. ಸಿಡಿಮದ್ದು ಹಾಕಿ ಮೀನು ಕೊಲ್ಲುವವನು ಲೆಕ್ಕ ಇಡುವುದಿಲ್ಲ. 2018ರಲ್ಲಿ ಆ ಮೀನು ಜಾಗತಿಕ ಕೆಂಪುಪಟ್ಟಿಯಲ್ಲಿ ಅಳಿವಿನ ತೀವ್ರ ಅಂಚಿನಲ್ಲಿರುವ ಪ್ರಭೇದವಾಯಿತು. ಅಷ್ಟರೊಳಗೆ ವನ್ಯಜೀವಿ ಕಾಯ್ದೆಯಿಂದಾಗಿ ಅಭಯಾರಣ್ಯದಲ್ಲಿ ಮೋಜಿನ ಗಾಳವೂ ನಿಂತಿತ್ತು.

ರೋಮನ್ನರ ಉತ್ತರ ಸೋಲುವುದು ಇಲ್ಲೇ. ಎಷ್ಟು ಬಳಸಿದರೂ ನದಿ ಸವೆಯದು ಎಂದು ಅದು ನಂಬಿತ್ತು. ಈಗ ದಡಕ್ಕೆ ಮೂರನೆಯ ಹಕ್ಕುದಾರನಿದ್ದಾನೆ: ಮೀನು. ಮೀನಿನ ಉಳಿವು ಮೊದಲು, ಹಸಿವು ನಂತರ, ಮೋಜು ಕೊನೆಗೆ ಎಂಬುದು ನನ್ನ ಸಾಲು. ಹಾಗಾಗಿ ದಡ ಮುಚ್ಚುವುದನ್ನು ನಾನು ವಿರೋಧಿಸಲಾರೆ. ಮುಚ್ಚಿದ ಬಾಗಿಲು ದುಡ್ಡಿದ್ದವರಿಗೆ ಮಾತ್ರ ತೆರೆದರೆ ವಿರೋಧಿಸುತ್ತೇನೆ. ನದಿಗೆ ಹಾನಿ ಎಂಬುದು ಕಾರಣವಾದರೆ ಶುಲ್ಕ ಆ ಹಾನಿಯನ್ನು ತೊಳೆಯದು.

ಶುಲ್ಕವಿಲ್ಲದಿದ್ದರೆ ಜನಜಂಗುಳಿ ನದಿಯನ್ನು ಹಾಳುಮಾಡೀತು ಎನ್ನುವವರಿದ್ದಾರೆ. ಭಯ ಸುಳ್ಳಲ್ಲ. ಆದರೆ ಜನರನ್ನು ಮಿತಿಗೊಳಿಸಲು ಬೆಲೆಯೊಂದೇ ದಾರಿಯೆ? ನಮ್ಮ ಕೆರೆಗಳ ನೀರುಗಂಟಿ ಕೊರತೆಯ ನೀರನ್ನು ಹರಾಜು ಹಾಕುತ್ತಿರಲಿಲ್ಲ, ಸರದಿಯ ಮೇಲೆ ಗದ್ದೆಗೆ ಬಿಡುತ್ತಿದ್ದ. ಆ ಸರದಿಯಲ್ಲೂ ಜಾತಿಯ, ಜಮೀನಿನ ಪಕ್ಷಪಾತಗಳಿದ್ದವು. ಜಮೀನಿಲ್ಲದವನಿಗೆ ಸರದಿಯೇ ಇರಲಿಲ್ಲ. ಆದರೂ ನದಿಯ ದಡಕ್ಕೆ ಸರದಿ ಬರೆಯುವಾಗ ಆ ಪಕ್ಷಪಾತಗಳನ್ನು ಕಳೆಯಲು ಸಾಧ್ಯ. ಬೆಲೆಯ ಪಟ್ಟಿಯಿಂದ ಬಡವನನ್ನು ಹೊರಗಿಡುವ ಗುಣವನ್ನು ಕಳೆಯಲು ಸಾಧ್ಯವಿಲ್ಲ.