ಕೂಗಿದ್ದು ಯಾರು?

'ಹುಲಿ ಬಂತು ಹುಲಿ' ಕಥೆ ಹೇಳಿ ತಪ್ಪು ಯಾರದೆಂದು ಕೇಳಿದರೆ, ಮಕ್ಕಳು ಥಟ್ಟನೆ ಹುಡುಗನದೆನ್ನುತ್ತಾರೆ. ಯಾರೂ ಸುಳ್ಳಾಡದೆಯೇ ನಂಬಿಕೆ ಕೆಟ್ಟರೆ?

ಎದುರುಮನೆಯವರು ಕಳ್ಳರ ಭಯಕ್ಕೆ ವೈರ್‌ಲೆಸ್ ಅಲಾರಂ ಹಾಕಿಸಿದರು. ಅದು ನಡುರಾತ್ರಿ ಹೊಡೆದುಕೊಂಡಾಗ ಮೊದಲೆರಡು ಸಲ ಬೀದಿಯವರೆಲ್ಲ ಓಡಿದೆವು. ಮೂರನೆಯ ಸಲ ಕಿಟಕಿಗಳಷ್ಟೇ ತೆರೆದವು. ಆಮೇಲೆ ಅದೂ ಇಲ್ಲ. ಮನೆಯವರ ಅನುಮಾನ ಹೋದದ್ದು ಕಸಮುಸುರೆಯ ಹೆಂಗಸಿನ ಮೇಲೆ. ಹಿತ್ತಿಲ ಬಾಗಿಲನ್ನು ಯಾರಿಗೋ ಸಡಿಲಬಿಟ್ಟು ಹೋಗುತ್ತಾಳಂತೆ! ಯಂತ್ರ ಸುಮ್ಮನೆ ಕೂಗೀತೇ ಎಂಬುದು ಅವರ ವಾದ.

ಕೂಗುತ್ತದೆ. ಗೋಡೆಯ ಮೇಲಿನ ಆ ಕಣ್ಣಿಗೆ ಕಳ್ಳ ಕಾಣುವುದಿಲ್ಲ, ಬಿಸಿ ಸರಿದಾಡಿದ್ದು ಮಾತ್ರ ತಿಳಿಯುತ್ತದೆ. ಬೆಕ್ಕು ಹಾದರೂ ಕೂಗೀತು, ಅದರ ಮುಖದ ಮೇಲೆ ಹಲ್ಲಿ ಹರಿದರೂ ಕೂಗೀತು. ಬಾಗಿಲಿಗೆ ಹಚ್ಚುವುದು ಒಂದು ಅಯಸ್ಕಾಂತದ ತುಂಡು. ಅದು ಚೌಕಟ್ಟಿನ ಜೋಡಿಯಿಂದ ಸ್ವಲ್ಪ ದೂರವಾದರೆ ಬಾಗಿಲು ತೆರೆಯಿತೆಂದೇ ಲೆಕ್ಕ. ರಿಪೇರಿಯ ಹುಡುಗ ಕೂಗಿಸಿದ್ದು ಯಾವುದೆಂದು ಪೆಟ್ಟಿಗೆಯಲ್ಲಿ ನೋಡಿದ. ಹಿತ್ತಿಲ ಬಾಗಿಲೇ. ಮಳೆಗೆ ಮರ ಉಬ್ಬಿ, ಅಗುಳಿ ಹಾಕಿದರೂ ಪೂರ್ತಿ ಕೂಡುತ್ತಿರಲಿಲ್ಲ, ಗಾಳಿಗೆ ಅಲುಗುತ್ತಿತ್ತು. ಬಡಗಿ ಬಂದು ಅಂಚು ಕೆತ್ತಿದ, ಹುಡುಗ ಅಯಸ್ಕಾಂತ ಹತ್ತಿರ ಕೂರಿಸಿದ, ಬ್ಯಾಟರಿ ಬದಲಿಸಿದ.

ಪೆಟ್ಟಿಗೆಯನ್ನು ಇಷ್ಟು ತಾಳ್ಮೆಯಿಂದ ವಿಚಾರಿಸಿದವರು ಆಕೆಯನ್ನು ಒಂದು ಮಾತು ಕೇಳಿರಲಿಲ್ಲ. ಯಂತ್ರದ ಅನುಮಾನದಲ್ಲಿ ದ್ವೇಷವಿಲ್ಲ, ಒಪ್ಪಿದೆ. ಆದರೆ ಆ ಕೂಗಿಗೆ ಬಡವಳೊಬ್ಬಳ ಹೆಸರು ಹಚ್ಚಿದ್ದು ಯಂತ್ರವೇನಲ್ಲ. ಇನ್ನೆರಡು ಮನೆಯವರೂ ಅಷ್ಟರಲ್ಲಿ ಆಕೆಯನ್ನು ಬಿಡಿಸಿದ್ದರು. ಅಲಾರಂ ಸರಿಹೋಯಿತೆಂದು ಬೀದಿಗೆಲ್ಲ ಹೇಳಿದರು. ಆಕೆಯದೇನೂ ತಪ್ಪಿರಲಿಲ್ಲವೆಂದು ಹೇಳಲು ಯಾರೂ ಯಾರ ಬಾಗಿಲನ್ನೂ ತಟ್ಟಲಿಲ್ಲ.

ಈಗ ಆಕೆ ಆ ಮನೆಯ ಅಂಗಳ ಗುಡಿಸುತ್ತಾಳೆ. ಪಾತ್ರೆಗಳನ್ನು ಹೊರಗೇ ತರಿಸಿಕೊಳ್ಳುತ್ತಾಳೆ.