ಪರಿಹಾರ ಯಾರದು?

2024ರ ಮೇ ತಿಂಗಳಲ್ಲಿ ನನ್ನ ಬ್ಯಾಂಕ್ ಖಾತೆಗೆ ಬರ ಪರಿಹಾರದ ಎರಡನೆಯ ಕಂತು ಜಮೆಯಾಯಿತು. ಮೊದಲ ಕಂತಿನ ಎರಡು ಸಾವಿರ ಜನವರಿಯಲ್ಲೇ ಬಂದಿತ್ತು. ಸಂಬಳದ ಹಣದೊಡನೆ ಬೆರೆತು ಅದು ಯಾವಾಗ ಖರ್ಚಾಯಿತೋ ನನಗೆ ಗೊತ್ತಾಗಲೇ ಇಲ್ಲ.

ಗದಗ ಸೀಮೆಯಲ್ಲಿ ಅಪ್ಪನಿಂದ ನನ್ನ ಪಾಲಿಗೆ ಬಂದ ಎರಡು ಎಕರೆ ಎರೆಹೊಲವಿದೆ. ಪಹಣಿಯಲ್ಲಿ ಹೆಸರು ನನ್ನದು. ಬಿತ್ತುವವಳು ಅದೇ ಊರಿನ, ಗಂಡನಿಲ್ಲದ ಒಬ್ಬ ಹೆಂಗಸು. ಪ್ರತಿ ಯುಗಾದಿಗೆ ಲಾವಣಿಯ ಹಣ ಮುಂಗಡವಾಗಿ ತಂದುಕೊಡುತ್ತಾಳೆ. 2023ರಲ್ಲೂ ಕೊಟ್ಟು, ಹೆಸರು ಬಿತ್ತಿದಳು. ಆಗಸ್ಟ್ ತಿಂಗಳಿಡೀ ಮಳೆ ಕೈಕೊಟ್ಟಿತು. 1901ರಿಂದೀಚೆಗೆ ದೇಶ ಅಷ್ಟು ಒಣಗಿದ ಆಗಸ್ಟ್ ಕಂಡಿರಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಯಿತು. ಬೀಜ, ಗೊಬ್ಬರ, ಎಡೆ ಹೊಡೆಸಿದ ಕೂಲಿ, ಎಲ್ಲ ಮಣ್ಣುಪಾಲಾದದ್ದು ಅವಳದು. ನನ್ನ ಲಾವಣಿ ಭದ್ರವಾಗಿ ಕೈಸೇರಿತ್ತು. ನಷ್ಟವೇ ಆಗದವಳಿಗೆ ಪರಿಹಾರ ಎಂಥದು, ನೀವೇ ಹೇಳಿ.

ಮಳೆ ನಂಬಿದ ಹೊಲಕ್ಕೆ ಹೆಕ್ಟೇರಿಗೆ 8,500 ರೂಪಾಯಿ ಎಂಬುದು ಆಗಿನ ನಿಯಮ. ಎರಡು ಎಕರೆಗೆ ಏಳು ಸಾವಿರಕ್ಕೆ ತುಸು ಕಡಿಮೆ. ಕೇಂದ್ರ ಹಣ ಕೊಡುತ್ತಿಲ್ಲವೆಂದು ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಏಪ್ರಿಲ್ ಕೊನೆಗೆ ಸುಮಾರು 3,454 ಕೋಟಿ ರೂಪಾಯಿ ಬಂತು. ಯಾರು ಕೊಡಬೇಕೆಂಬ ಜಗಳ ದಿಲ್ಲಿ ಮುಟ್ಟಿತು. ಯಾರಿಗೆ ಕೊಡಬೇಕೆಂಬ ಮಾತು ನಮ್ಮೂರ ಕಟ್ಟೆಯ ಮೇಲೂ ಬರಲಿಲ್ಲ. ಬೆಳೆ ಸಮೀಕ್ಷೆಗೆ ಬಂದವರು ಮೊಬೈಲಿನಲ್ಲಿ ಹೊಲದ ಫೋಟೋ ಹಿಡಿಯುತ್ತಾರೆ. ಹಣ ಮಾತ್ರ ಪಹಣಿಯ ಹೆಸರನ್ನು ಹುಡುಕಿಕೊಂಡು ಬರುತ್ತದೆ.

"ಕಾಯಿದೆ ಪ್ರಕಾರ ನಿನ್ನದೇ" ಎಂದರು ನಮ್ಮ ಮನೆಯವರು. ಆ ಕಾಯಿದೆಯ ಕಥೆ ಬೇರೆಯೇ ಇದೆ. 1974ರ ಭೂಸುಧಾರಣೆ ಬಂದದ್ದು ಉಳುವವರಿಗೆ ಭೂಮಿ ಕೊಡಿಸಲು. ಎಷ್ಟೋ ಬಡವರ ಬಾಳು ಅದರಿಂದ ಹಸನಾಯಿತು, ಅಲ್ಲಗಳೆಯಲಾರೆ. ಆದರೆ ಗೇಣಿ ಕೊಡುವುದನ್ನೇ ನಿಷೇಧಿಸಿದ ಮೇಲೆ ಗೇಣಿದಾರರು ಕಾಗದದಿಂದ ಮಾಯವಾದರು, ಹೊಲದಿಂದಲ್ಲ. ಏಳನೇ ನಂಬರ್ ಅರ್ಜಿ ಎಂದರೆ ಅಪ್ಪ ಕೊನೆಗಾಲದವರೆಗೂ ಬೆಚ್ಚುತ್ತಿದ್ದರು. "ಹೊಲ ಯಾರಿಗಾದರೂ ಕೊಡು, ಚೀಟಿ ಮಾತ್ರ ಬರೆದುಕೊಡಬೇಡ" ಎನ್ನುವುದು ಆಸ್ತಿಯ ಜೊತೆಗೇ ಅವರು ಬಿಟ್ಟುಹೋದ ಬುದ್ಧಿಮಾತು. ಮಕ್ಕಳಿಗೆ ಪೌರನೀತಿ ಕಲಿಸುವ ನಾನು ಅದನ್ನು ಇಪ್ಪತ್ತು ವರ್ಷ ತಪ್ಪದೆ ಪಾಲಿಸಿದ್ದೇನೆ.

ಒಂದು ಭಾನುವಾರ ಎರಡೂ ಕಂತಿನ ಹಣ ತೆಗೆದುಕೊಂಡು ಊರಿಗೆ ಹೋದೆ. ನನ್ನ ಬಗ್ಗೆ ನನಗೇ ಅಭಿಮಾನ ಉಕ್ಕಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

"ಏನಾದರೂ ಅಡಚಣೆ ಇರತೈತಿ, ಇಟಗೋ" ಎಂದೆ.

ಆಕೆ ನಿಧಾನವಾಗಿ ಎಣಿಸಿದಳು. "ಅಕ್ಕಾರ, ಇದು ಬರದ ರೊಕ್ಕ ಹೌದಲ್ರಿ?"

"ಹೌದು."

"ಮತ್ತ ಅಡಚಣಿಗೆ ಅಂತ ಯಾಕ ಅಂತೀರಿ?"

ನನ್ನ ಬಳಿ ಉತ್ತರವಿರಲಿಲ್ಲ. ಕೊಡುವುದು ಬೇರೆ, ಅವರದನ್ನು ಅವರಿಗೆ ಮುಟ್ಟಿಸುವುದು ಬೇರೆ ಎಂಬುದನ್ನು ಬಿ.ಎ., ಬಿ.ಎಡ್. ಮಾಡಿದ ನನಗಿಂತ ಆಕೆ ಚೆನ್ನಾಗಿ ಬಲ್ಲಳು. ಒಳಗೆ ಹೋಗಿ ಮೊಮ್ಮಗನ ನೋಟ್‌ಬುಕ್ ತಂದಳು.

"ಹೊಲದ ಪರಿಹಾರ ಮುಟ್ಟೇತಿ ಅಂತ ಇದರಾಗ ಬರೀರಿ. ನಾಳೆ ಯಾರೂ ಅಕ್ಕಾರು ದಾನಾ ಕೊಟ್ರು ಅನಬಾರದು."

ಪೆನ್ನು ತೆಗೆದೆ. ತಾರೀಖು ಬರೆದೆ, ಮೊತ್ತ ಬರೆದೆ. ಹೊಲ ಎಂಬ ಎರಡಕ್ಷರ ಬರೆಯಲು ಕೈ ಏಳಲಿಲ್ಲ. ಆಕೆಗೆ ಓದು ಬಾರದು.

"ಬರದ್ರಿ?" ಎಂದಳು.

"ಬರದೆ" ಎಂದೆ.